ಸಾವಂತ್ರಮ್ಮನ ಮೊಣಕೈ ಮತ್ತು ನಾನು

ನಾನು ಮೀನಿನ ತೊಟ್ಟಿಯ ನೀರು ಬೆಚ್ಚಗಿಡುವ ಒಂದು ಗಾಜಿನ ಕೊಳವೆ. ನಮ್ಮ ಕುಲದಲ್ಲಿ ನಾಮಕರಣದ ಪದ್ಧತಿಯಿಲ್ಲ. ಎಷ್ಟು ಶಕ್ತಿಯೋ ಅದೇ ಹೆಸರು. ನನ್ನನ್ನು ಐವತ್ತು ವ್ಯಾಟ್ ಎಂದರು. ಗೇಣುದ್ದದ ಮೈ, ಹೊಟ್ಟೆಯೊಳಗೆ ಸುರುಳಿ ತಂತಿ, ತಲೆಯ ಮೇಲೆ ತಿರುಗಿಸುವ ಗುಂಡಿ, ಅದರ ಪಕ್ಕದಲ್ಲಿ ಒಂದು ಕೆಂಪು ದೀಪ. ಹುಟ್ಟಿದ ಕಾರ್ಖಾನೆ ಯಾವ ಊರಿನದೋ ನನಗೆ ತಿಳಿಯದು. ಉದ್ದನೆಯ ಮೇಜಿನ ಮೇಲೆ ನನ್ನಂಥವರು ನೂರಾರು ಮಂದಿ ಮಲಗಿದ್ದೆವು. ಒಬ್ಬ ಹೆಂಗಸು ಒಬ್ಬೊಬ್ಬರನ್ನೇ ನೀರಿಗೆ ಅದ್ದಿ, ದೀಪ ಹತ್ತಿತೆಂದು ಖಾತ್ರಿ ಮಾಡಿಕೊಂಡು, ಒರೆಸಿ ಡಬ್ಬಿಗೆ ತುಂಬಿದಳು. ಆಮೇಲೆ ಬಹಳ ಕಾಲ ಕತ್ತಲೆ.

ನನ್ನ ತಲೆಯೊಳಗಿನ ಒಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲೊಂದು ಪುಟ್ಟ ಲೋಹದ ಪಟ್ಟಿಯಿದೆ. ನೀರು ಸಾಕಷ್ಟು ಕಾದರೆ ಅದು ಬಾಗಿ ಕರೆಂಟನ್ನು ಬಿಡಬೇಕು, ತಣಿದರೆ ಮತ್ತೆ ಹಿಡಿಯಬೇಕು. ಹಿಡಿದಾಗಲೆಲ್ಲ ಒಂದು ಸಣ್ಣ ಕಿಡಿ. ವರ್ಷಗಟ್ಟಲೆ ಕಿಡಿ ತಿಂದು ತಿಂದು ಪಟ್ಟಿಯ ತುದಿ ಸುಟ್ಟು, ಒಂದು ದಿನ ಅಂಟಿಕೊಂಡುಬಿಡುತ್ತದೆ. ಆಮೇಲೆ ನಮಗೆ ನಿಲ್ಲಿಸಲು ಬರುವುದಿಲ್ಲ. ಕಾಯಿಸುತ್ತಲೇ ಇರುತ್ತೇವೆ.

ಡಬ್ಬಿ ಬಿಚ್ಚಿದ್ದು ಹಾಸನದಲ್ಲಿ, ಜಬೀಉಲ್ಲಾ ಅವರ ಮೀನಿನ ಅಂಗಡಿಯಲ್ಲಿ. ಬಿಚ್ಚಿಸಿದವರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಧರ್ಮೇಶ್ ಮೇಷ್ಟ್ರು. ಹೆಣ್ಣು ನೋಡಲು ಹೋದವರು ಕೂಡ ಅಷ್ಟು ಪ್ರಶ್ನೆ ಕೇಳಲಾರರು. ಗಾಜು ದಪ್ಪವೇ, ವೈರು ಎಷ್ಟುದ್ದ, ನಂಬಬಹುದೇ ಎಂದು ಒಂದೊಂದಾಗಿ ಕೇಳಿದರು.

"ಸರ್, ಹೀಟರ್ ಎರಡು ಥರ ಸಾಯ್ತದೆ," ಎಂದರು ಜಬೀಉಲ್ಲಾ. "ಆರಿ ಸತ್ರೆ ನೀರು ನಿಧಾನಕ್ಕೆ ತಣ್ಣಗಾಗ್ತದೆ, ನಿಮಗೆ ಟೈಮ್ ಸಿಗ್ತದೆ. ಉರಿದು ಸತ್ರೆ ಮೀನು ಸಾರಾಗ್ತದೆ. ಅದಕ್ಕೇ ದೊಡ್ಡದು ತಗೋಬೇಡಿ. ಇಪ್ಪತ್ತೈದು ಲೀಟರ್ ತೊಟ್ಟಿಗೆ ಐವತ್ತು ವ್ಯಾಟ್ ಸಾಕು. ಅಂಟ್ಕೊಂಡ್ರೂ ಬಡವ, ಬೇಗ ಬೇಯಿಸಕ್ಕಾಗಲ್ಲ."

ಪಕ್ಕದಲ್ಲಿದ್ದ ಇನ್ನೂರು ವ್ಯಾಟಿನ ಅಣ್ಣಂದಿರ ಎದುರು ನನ್ನನ್ನು ಬಡವ ಎಂದದ್ದು ನನಗೆ ಚುರುಕ್ಕೆಂದಿತು. ಅದು ಸಾಲದೆಂಬಂತೆ ಮೇಷ್ಟ್ರು ನನ್ನ ಮೇಲೊಬ್ಬ ಕಾವಲುಗಾರನನ್ನೂ ಕೊಂಡರು. ಅಂಕಿ ತೋರಿಸುವ ಒಂದು ಕಪ್ಪು ಡಬ್ಬಿ; ನೀರು ಇಪ್ಪತ್ತಾರು ಡಿಗ್ರಿ ದಾಟಿತೋ ನನ್ನ ಕರೆಂಟನ್ನೇ ಕತ್ತರಿಸುತ್ತಿತ್ತು. ಮದುವೆಯಾದ ದಿನವೇ ಹೆಂಡತಿಯ ಬೀಗದ ಕೈ ಕಿತ್ತುಕೊಂಡ ಹಾಗಾಯಿತು ನನಗೆ.

ತೊಟ್ಟಿಯಲ್ಲಿದ್ದವನು ಒಬ್ಬನೇ, ನೀಲಿ ಬಣ್ಣದ ಫೈಟರ್ ಮೀನು. ಜೊತೆಗೆ ಇನ್ನೊಬ್ಬನನ್ನು ಬಿಟ್ಟರೆ ಕಚ್ಚಾಡಿ ಸಾಯುವ ಜಾತಿ. ರೆಕ್ಕೆ ಬೀಸಿಕೊಂಡು ಪಾಳೇಗಾರನಂತೆ ತಿರುಗುತ್ತಿದ್ದುದಕ್ಕೆ ಮೇಷ್ಟ್ರ ಹೆಂಡತಿ ಚೈತ್ರಾ ಅವನಿಗೆ ಜಂಬಣ್ಣ ಎಂದು ಹೆಸರಿಟ್ಟಿದ್ದರು. ನನ್ನನ್ನು ಪ್ಲಾಸ್ಟಿಕ್ ಗಿಡದ ಹಿಂದೆ ನಿಲ್ಲಿಸಿದರು. ನಿಜವಾದ ಎಲೆಮರೆಯ ಕಾಯಿ ನಾನೇ. ಬಂದವರೆಲ್ಲ ಜಂಬಣ್ಣನನ್ನು ಹೊಗಳಿ ಹೋಗುತ್ತಿದ್ದರು. ಹಾಸನದ ಚಳಿಯಲ್ಲಿ ಅವನನ್ನು ಉಳಿಸಿದವನು ಯಾರೆಂದು ಒಬ್ಬರಾದರೂ ಕೇಳಿದರೇ? ಇಲ್ಲ.

ಆ ಮನೆಗೆ ಮಗು ಬಂತು. ಮಗುವಿನ ಹಿಂದೆಯೇ ಸಾವಂತ್ರಮ್ಮ ಬಂದಳು.

ಅರವತ್ತು ದಾಟಿದ ಹೆಂಗಸು. ಬಾಣಂತಿಗೆ, ಕೂಸಿಗೆ ನೀರು ಹುಯ್ಯುವುದೇ ಅವಳ ಕೆಲಸ. ಊರಿನ ಎಷ್ಟೋ ಮಕ್ಕಳು ಅವಳ ಕಾಲಿನ ಮೇಲೆ ಮಲಗಿ ಅತ್ತು ದೊಡ್ಡವರಾಗಿದ್ದರು; ಅವಳದೆಂದು ಒಂದೂ ಇರಲಿಲ್ಲ, ಗಂಡ ಹೋಗಿ ಬಹಳ ವರ್ಷವಾಗಿತ್ತು. ಬಂದವಳು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬಿಸಿನೀರಿಗೆ ತಣ್ಣೀರು ಬೆರೆಸಿ, ಬಲಗೈಯ ಮೊಣಕೈಯನ್ನು ಅದರಲ್ಲಿ ಅದ್ದಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಅಂಗೈ ಕೆಲಸ ಮಾಡಿ ಜಡ್ಡುಗಟ್ಟಿರುತ್ತದೆ, ಅದು ಸುಳ್ಳು ಹೇಳುತ್ತದೆ, ಮೊಣಕೈ ಹೇಳುವುದಿಲ್ಲ ಎಂಬುದು ಅವಳ ಶಾಸ್ತ್ರ.

ಮೊದಲ ದಿನ ನನ್ನ ಕೆಂಪು ದೀಪ ಕಂಡು ಅವಳು ಸೊಂಟದ ಮೇಲೆ ಕೈಯಿಟ್ಟಳು. "ಏನ್ ಮೇಷ್ಟ್ರೇ, ಮೀನ್ಗೂ ಬಾಣಂತನ ಮಾಡ್ತಾ ಇದೀರಾ?"

"ಇದು ಬಿಸಿ ಸೀಮೆ ಮೀನು ಸಾವಂತ್ರಮ್ಮ, ಇಲ್ಲಿ ಚಳಿ ತಡೆಯಲ್ಲ. ಮುಟ್ಟೋದಾದ್ರೆ ಪ್ಲಗ್ ಕಿತ್ತು ಮುಟ್ಟಿ."

"ಅಯ್ಯೋ ಕೂಸೇ," ಎಂದು ಅವಳು ಗಾಜಿನ ಮೇಲೆ ಬೆರಳಿಟ್ಟಳು. ಜಂಬಣ್ಣ ಬೆರಳಿನ ಹಿಂದೆಯೇ ಓಡಿದ. ಅವಳ ದೃಷ್ಟಿ ಮಾತ್ರ ಅವನನ್ನು ದಾಟಿ, ಗಿಡದ ಸಂದಿಯಿಂದ ನನ್ನವರೆಗೂ ಬಂತು. ಗಿಡದ ಹಿಂದೆ ನಿಂತ ಮೇಲೆ ನನ್ನನ್ನು ಗಮನಿಸಿದ ಮೊದಲ ಹೆಂಗಸು ಅವಳೇ.

ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಮೇಷ್ಟ್ರಿಗೆ ರಾಯಚೂರಿಗೆ ವರ್ಗವಾಯಿತು. ಅಷ್ಟು ದೂರದ ಪ್ರಯಾಣ, ಆಮೇಲೆ ಅಲ್ಲಿಯ ಬಿಸಿಲು, ಎರಡೂ ಜಂಬಣ್ಣನಿಗೆ ಆಗದು. ತೊಟ್ಟಿ, ಮೀನು, ನಾನು ಮೂವರೂ ಆಟೋದಲ್ಲಿ ಸಾವಂತ್ರಮ್ಮನ ಮನೆಗೆ ಹೋದೆವು. ಒಂದು ಕೋಣೆ, ಒಂದು ಅಡಿಗೆ ಮೂಲೆ, ಅಷ್ಟೇ ಮನೆ. ದಾರಿಯ ಕುಲುಕಿಗೆ ತೊಟ್ಟಿಯ ಗೋಡೆಗೆ ಸಿಕ್ಕಿಸಿದ್ದ ಥರ್ಮಾಮೀಟರು ಒಡೆಯಿತು. ಕಾವಲುಗಾರ ಡಬ್ಬಿಯನ್ನು ಯಾರೋ ಅವಸರದಲ್ಲಿ ಪುಸ್ತಕದ ಪೆಟ್ಟಿಗೆಗೆ ಹಾಕಿ ಲಾರಿ ಹತ್ತಿಸಿಬಿಟ್ಟಿದ್ದರು. ಪೀಡೆ ತೊಲಗಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಹಿಗ್ಗಬಾರದಿತ್ತು.

ಆ ಚಳಿಗಾಲದಲ್ಲೇ ಸಾವಂತ್ರಮ್ಮನಿಗೆ ಕೆಲಸ ಕಡಿಮೆಯಾಗುತ್ತ ಬಂತು. ಹಿಡಿದಿದ್ದ ಕೊನೆಯ ಮನೆಯವರು ಕೂಸಿಗೆ ಪ್ಲಾಸ್ಟಿಕ್ ಟಬ್ಬು ತಂದರು; ನೀರಿನ ಬಿಸಿಯನ್ನು ಅದೇ ತೋರಿಸುತ್ತದಂತೆ. "ನೀವು ಸುಮ್ನೆ ತೊಂದ್ರೆ ತಗೋಬೇಡಿ ಅಜ್ಜಿ," ಎಂದು ಸೀರೆ ಕೊಟ್ಟು ಕಳಿಸಿದ್ದರು. ಅವಳು ಬಂದು ತೊಟ್ಟಿಯ ಮುಂದೆ ಕೂತು ಜಂಬಣ್ಣನಿಗೆ ಇದನ್ನೆಲ್ಲ ಹೇಳಿದಳು. ನಾನೂ ಕೇಳಿಸಿಕೊಂಡೆ.

"ಹೋಗ್ಲಿ ಬಿಡು. ನೀನಿದೀಯಲ್ಲ. ಇನ್ಮೇಲೆ ಬೆಳಿಗ್ಗೆ ಎದ್ದು ನಿನ್ನನ್ನೇ ನೋಡ್ಕೋತೀನಿ."

ಪ್ಲಗ್ ಕಿತ್ತು, ತೋಳು ಮಡಿಸಿ, ಮೊಣಕೈಯನ್ನು ನೀರಿಗೆ ಅದ್ದಿದಳು. ಮುಖ ಗಂಟಾಯಿತು. "ಅಯ್ಯೋ, ಇಷ್ಟು ತಣ್ಣಗಾ? ಪಾಪ, ಹೆಂಗೆ ತಡ್ಕೊಂಡಿದೆಯೋ."

ನೀರು ಸರಿಯಾಗಿ ಇಪ್ಪತ್ತಾರಿತ್ತು. ಜಂಬಣ್ಣನಿಗೆ ಅದೇ ಸುಖ. ಆದರೆ ಆ ಮೊಣಕೈ ನಲವತ್ತು ವರ್ಷ ಹಸುಗೂಸುಗಳ ಸ್ನಾನದ ಬಿಸಿಯನ್ನೇ ಕಲಿತದ್ದು. ಅದಕ್ಕೆ ಇಪ್ಪತ್ತಾರು ಎಂದರೆ ಬಾವಿಯ ನೀರು. ಅವಳು ನನ್ನ ಗುಂಡಿಯನ್ನು ತಿರುಗಿಸಿದಳು. ನಾನು ಕಾದೆ. ಮಾರನೆಯ ದಿನ ಮತ್ತೆ ಮೊಣಕೈ, ಮತ್ತೆ ತಿರುವು. ಗುಂಡಿ ಕೊನೆ ಮುಟ್ಟಿತು. ಆದರೂ ಸಾಲದೆನಿಸಿ ತೊಟ್ಟಿಗೆ ಕಂಬಳಿ ಹೊದಿಸಿದಳು. ನನ್ನೊಬ್ಬನಿಂದ ಆಗದ ಕೆಲಸಕ್ಕೆ ಕಂಬಳಿ ಕೈಜೋಡಿಸಿತು.

ಜಂಬಣ್ಣ ಮಂಕಾದ. ರೆಕ್ಕೆ ಮುದುರಿಕೊಂಡ. ಅವಳಿಗೆ ಅದು ಚಳಿಯ ಮುದುಡಿಕೆಯಂತೆ ಕಂಡಿತು. ಅತಿಯಾದರೆ ಅಮೃತವೂ ವಿಷ ಎಂದು ಅವಳಿಗೆ ಕೂಗಿ ಹೇಳಬೇಕೆಂದು ನನಗೆ ಅನಿಸಿತು. ನನಗಿದ್ದದ್ದು ಒಂದು ಕೆಂಪು ದೀಪ, ಅದು ಎಲ್ಲ ಸರಿಯಾಗಿದೆ ಎನ್ನುವಂತೆ ಉರಿಯುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ಒಂಟಿಯಾಗಿ ನಾನು ಇನ್ಯಾವತ್ತೂ ಇರಲಿಲ್ಲ. ಇಬ್ಬರೂ ನನ್ನ ಪ್ರೀತಿಯವರು. ಒಬ್ಬಳ ಮಾತು ಕೇಳಿ ಇನ್ನೊಬ್ಬನನ್ನು ಕೊಲ್ಲುತ್ತಿದ್ದೆ.

ನಾಲ್ಕನೆಯ ಬೆಳಿಗ್ಗೆ ಅವಳು ಕಂಬಳಿ ಸರಿಸಿದಾಗ ಜಂಬಣ್ಣ ನೀರಿನ ಮೇಲ್ಮೈಗೆ ಬಾಯಿ ಕೊಟ್ಟು, ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಿದ್ದ. ಸಾವಂತ್ರಮ್ಮ ಬಗ್ಗಿ ನೋಡಿದಳು.

"ಇದು ಚಳಿ ಅಲ್ಲ," ಎಂದಳು ತನಗೆ ತಾನೇ. "ಬಟ್ಟೆ ಮೇಲೆ ಬಟ್ಟೆ ಸುತ್ತಿದ ಕೂಸು ಹಿಂಗೇ ಬಾಯ್ಬಿಡೋದು."

ಎಷ್ಟು ಮನೆಗಳಲ್ಲಿ ಅತ್ತೆಯರು ಸುತ್ತಿದ ಬಟ್ಟೆಯನ್ನು ಅವಳು ಬೈದು ಬಿಚ್ಚಿಸಿದ್ದಳೋ! ಈಗ ತಾನೇ ಸುತ್ತಿದ್ದಳು. ಪ್ಲಗ್ ಕಿತ್ತಳು, ಕಂಬಳಿ ಎಸೆದಳು. ಆದರೆ ಗಾಬರಿಗೆ ತಣ್ಣೀರು ಸುರಿಯಲಿಲ್ಲ. ಕಾದ ಮೈಗೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಬಲ್ಲವಳು. ಒಂದು ಲೋಟ ತೆಗೆದು, ಒಂದು ಲೋಟ ಹಾಕಿ, ಸುಮ್ಮನೆ ಕೂತು, ಮತ್ತೊಂದು ಲೋಟ. ಹೀಗೆ ಮಧ್ಯಾಹ್ನವಾಯಿತು. ಜಂಬಣ್ಣ ಗಿಡದ ಬುಡಕ್ಕೆ ಇಳಿದು ಉಸಿರಾಡಿದ. ಆಗ ಮೇಷ್ಟ್ರಿಗೆ ಫೋನು ಮಾಡಿದಳು.

"ಇಪ್ಪತ್ತಾರು ಸಾವಂತ್ರಮ್ಮ, ಅದಕ್ಕಿಂತ ಬೇಡ."

"ನಂಬರ್ ನನ್ನ ಕಣ್ಣಿಗೆ ಕಾಣಲ್ಲ ಮೇಷ್ಟ್ರೇ. ಇಪ್ಪತ್ತಾರು ಅಂದ್ರೆ ಮೊಣಕೈಗೆ ಹೆಂಗಿರತ್ತೆ, ಅದು ಹೇಳಿ."

ಭೌತಶಾಸ್ತ್ರದ ಪುಸ್ತಕದಲ್ಲಿ ಅದಕ್ಕೆ ಉತ್ತರ ಇದ್ದಿರಲಿಕ್ಕಿಲ್ಲ. ಮೇಷ್ಟ್ರು, "ಜಬೀಉಲ್ಲಾ ಅವರ ಅಂಗಡಿಗೆ ಹೋಗಿ. ಅಲ್ಲಿ ತೊಟ್ಟಿಗಳಲ್ಲಿ ಕೈ ಅದ್ದಿ ನೋಡಿ," ಎಂದರು.

ಹೋದಳು. ಮೂರು ದಿನ ಹೋದಳಂತೆ. ಬಂದು ಜಂಬಣ್ಣನಿಗೆ ಹೇಳುತ್ತಿದ್ದುದರಿಂದ ನನಗೆ ಗೊತ್ತಾಯಿತು. ಜಬೀಉಲ್ಲಾ ಪ್ಲಗ್ ಕಿತ್ತು ಒಂದೊಂದೇ ತೊಟ್ಟಿ ತೋರಿಸಿ, "ಇದು ಇಪ್ಪತ್ನಾಲ್ಕು, ಇದು ಇಪ್ಪತ್ತಾರು, ಇದು ಇಪ್ಪತ್ತೆಂಟು" ಎನ್ನುತ್ತಿದ್ದರಂತೆ. ಅವಳು ಅದ್ದಿ, ಒರೆಸಿ, ಮತ್ತೆ ಅದ್ದಿ, ಅರವತ್ತರಾಚೆ ಹೊಸ ಪಾಠ ಕಲಿತಳು. "ನಿಂಗೆ ಹಿತ ಆಗೋದು ನಂಗೆ ತಣ್ಣಗನ್ಸುತ್ತೆ ಕಣೋ. ಅದು ತಿಳೀದೇ ಹೋಯ್ತು," ಎಂದಳು ಜಂಬಣ್ಣನಿಗೆ. ಅವಳ ಕಣ್ಣಲ್ಲಿ ನೀರಿತ್ತು. "ನೀನೂ ಹೋಗಿದ್ರೆ ಬೆಳಿಗ್ಗೆ ಯಾರಿಗೋಸ್ಕರ ಏಳ್ಲಿ ನಾನು?"

ನನ್ನ ಗುಂಡಿ ಮತ್ತೆ ಇಪ್ಪತ್ತಾರಕ್ಕೆ ಬಂದು, ಅದರ ಮೇಲೆ ಅವಳ ನೇಲ್ ಪಾಲಿಶಿನ ಒಂದು ಕೆಂಪು ಚುಕ್ಕೆ ಬಿತ್ತು. ಆ ನೇಲ್ ಪಾಲಿಶ್ ಯಾವ ಕಾಲದ್ದೋ.

ಆಮೇಲೆ ಒಂದು ವರ್ಷ ದಿನವೂ ಒಂದೇ ಕ್ರಮ. ಬೆಳಿಗ್ಗೆ ಪ್ಲಗ್ ಕೀಳುವಳು, ಮೊಣಕೈ ಅದ್ದುವಳು, ಕಣ್ಣು ಮುಚ್ಚುವಳು, "ಸರಿ" ಎನ್ನುವಳು, ಪ್ಲಗ್ ಹಾಕುವಳು. ಆ ಮನೆಯಲ್ಲಿ ಮನುಷ್ಯರ ದನಿ ಎಂದರೆ ಆ ಒಂದು "ಸರಿ". ಅದನ್ನು ಕೇಳಲಿಕ್ಕಾಗಿ ನಾನು ರಾತ್ರಿಯೆಲ್ಲ ಹತ್ತಿ ಆರಿ, ಆರಿ ಹತ್ತಿ ದುಡಿಯುತ್ತಿದ್ದೆ.

ಮುಂದಿನ ಚಳಿಗಾಲದ ಒಂದು ನಸುಕಿನಲ್ಲಿ ನನ್ನ ತಲೆಯೊಳಗೆ ಒಂದು ಕಿಡಿ ಹೊತ್ತಿತು, ಪಟ್ಟಿ ಹಿಡಿಯಿತು, ಮತ್ತೆ ಬಿಡಲಿಲ್ಲ. ನನಗೂ ಅಂಟಿಕೊಳ್ಳುವ ದಿನ ಬಂದಿತ್ತು. ಇಪ್ಪತ್ತೇಳಾಯಿತು, ಇಪ್ಪತ್ತೆಂಟಾಯಿತು. ಬಿಡು, ಬಿಡು ಎಂದು ನನಗೇ ಹೇಳಿಕೊಂಡೆ. ತಿರಸ್ಕರಿಸಿದ್ದ ಆ ಕಾವಲುಗಾರ ಡಬ್ಬಿಯನ್ನು ಆವತ್ತು ನೆನೆದೆ. ಇನ್ನೂರು ವ್ಯಾಟ್ ಆಗಿದ್ದರೆ ಅಷ್ಟು ಹೊತ್ತಿಗೆ ಜಂಬಣ್ಣ ಬೆಂದಿರುತ್ತಿದ್ದ. ನಾನು ಬಡವ, ನಿಧಾನಕ್ಕೆ ಕಾಯಿಸುತ್ತಿದ್ದೆ. ಬಡವನಾಗಿ ಹುಟ್ಟಿದ್ದಕ್ಕೆ ಮೊದಲ ಸಲ ಸಂತೋಷಪಟ್ಟೆ.

ಬೆಳಕು ಹರಿಯುವಾಗ ಸಾವಂತ್ರಮ್ಮ ಎದ್ದು ಬಂದಳು. ಪ್ಲಗ್ ಕಿತ್ತಳು, ತೋಳು ಮಡಿಸಿದಳು. ಮೊಣಕೈ ನೀರಿಗಿಳಿಯಿತು. ಬೇರೆ ಯಾರಾದರೂ ಆಗಿದ್ದರೆ ಬೆಚ್ಚಗಿದೆ, ಚೆನ್ನಾಗಿದೆ ಎನ್ನುತ್ತಿದ್ದರು. ಅವಳು "ಸರಿ" ಎನ್ನಲಿಲ್ಲ.

"ಇಪ್ಪತ್ತೊಂಬತ್ತು," ಎಂದಳು. ಗುಂಡಿಯ ಚುಕ್ಕೆ ನೋಡಿದಳು. ಅದು ಜಾಗದಲ್ಲೇ ಇತ್ತು. ಪ್ಲಗ್ ಒಂದು ಕ್ಷಣ ಹಾಕಿ, ಅಷ್ಟು ಬಿಸಿಯಲ್ಲಿ ಹತ್ತಬಾರದ ಕೆಂಪು ದೀಪ ಹತ್ತಿದ್ದು ಕಂಡು ಮತ್ತೆ ಕಿತ್ತಳು. "ನಿಂಗೂ ವಯಸ್ಸಾಯ್ತಲ್ಲೋ," ಎಂದಳು. ಈ ಸಲ ಹೇಳಿದ್ದು ಜಂಬಣ್ಣನಿಗಲ್ಲ. ನನಗೆ.

ಮತ್ತೆ ಲೋಟದ ಮೇಲೆ ಲೋಟ ನೀರು ಬದಲಾಯಿತು. ಜಂಬಣ್ಣನಿಗೆ ಏನೂ ಆಗಲಿಲ್ಲ. ಸಂಜೆಯೊಳಗೆ ಜಬೀಉಲ್ಲಾ ಅವರ ಅಂಗಡಿಯಿಂದ ಹೊಸ ಹೀಟರು ಬಂತು, ಜೊತೆಗೆ ಹೊಸದೊಂದು ಕಪ್ಪು ಡಬ್ಬಿಯೂ ಬಂತು. ಆದರೂ ಅವಳು ಮೊಣಕೈ ಅದ್ದುವುದನ್ನು ಬಿಡಲಿಲ್ಲ. ನನ್ನನ್ನು ಕಸಕ್ಕೆ ಹಾಕುತ್ತಾಳೆಂದುಕೊಂಡಿದ್ದೆ. ಅವಳು ಒರೆಸಿ, ವೈರು ಸುತ್ತಿ, ಗೂಡಿನಲ್ಲಿ ಕೂಸುಗಳ ಹರಳೆಣ್ಣೆ ಬಟ್ಟಲು, ಸಾಂಬ್ರಾಣಿ ಸಟ್ಟುಗದ ಪಕ್ಕಕ್ಕೆ ಇಟ್ಟಳು. ಕೆಲಸವಿಲ್ಲದವರೆಲ್ಲ ಅಲ್ಲಿ ಒಟ್ಟಿಗಿದ್ದೇವೆ.

ಅಲ್ಲಿಂದಲೇ ಎಲ್ಲ ನೋಡಿದೆ. ಜಂಬಣ್ಣ ಮುದುಕನಾದ, ನೀಲಿ ಬೂದಿಯಾಯಿತು, ಒಂದು ದಿನ ಎಲೆಯ ಮೇಲೆ ಮಲಗಿದವನು ಏಳಲಿಲ್ಲ. ನೀರು ಆಗಲೂ ಇಪ್ಪತ್ತಾರೇ ಇತ್ತು. ಅವಳು ಅವನನ್ನು ತುಳಸಿ ಕುಂಡದಲ್ಲಿ ಮಣ್ಣು ಮಾಡಿದಳು. ತೊಟ್ಟಿಯನ್ನೂ ಹೊಸ ಹೀಟರನ್ನೂ ಜಬೀಉಲ್ಲಾ ಒಯ್ದರು.

ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಎದ್ದು ಬಂದು, ತೋಳು ಮಡಿಸಿ, ಖಾಲಿ ಮೇಜಿನ ಮುಂದೆ ನಿಂತಳು. ಅಲ್ಲಿ ತೊಟ್ಟಿಯ ನಾಲ್ಕು ಮೂಲೆಯ ಗುರುತು ಮಾತ್ರ ಇತ್ತು. ಆಮೇಲೆ ಗೂಡಿನತ್ತ ಬಂದು ನನ್ನನ್ನು ಎತ್ತಿಕೊಂಡಳು. ಸೆರಗಿನಿಂದ ಧೂಳು ಒರೆಸಿದಳು. ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಮಣೆಯ ಮೇಲೆ ಕೂತಳು; ಇಡುವ ಅವಸರ ಅವಳಿಗಿರಲಿಲ್ಲ.

ಬಾಳಿಡೀ ಬಿಸಿ ಕೊಟ್ಟವನು ನಾನು. ಬಿಸಿ ಹೊರಗಿನಿಂದ ಹೇಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗಾಜು ಮೊದಲು ತಣ್ಣಗೇ ಇತ್ತು. ಆಮೇಲೆ ಅವಳು ಹಿಡಿದ ಜಾಗದಲ್ಲಿ ಬೆಚ್ಚಗಾಗುತ್ತ ಬಂತು.

ಅವಳು ಮೊಣಕೈಯನ್ನು ನನ್ನ ಮೈಗೆ ತಾಗಿಸಿ ಕಣ್ಣು ಮುಚ್ಚಿದಳು.

"ಸರಿ," ಎಂದಳು.