ಚಾರ್ಟ್ ಮೇಷ್ಟ್ರ ಹನ್ನೊಂದು ಮಂದಿ

ಮಾರ್ಚ್ ಹದಿನೆಂಟು, ಮಂಗಳವಾರ. ಬೆಳಗ್ಗೆ ಮೋಡ, ಹತ್ತರ ಮೇಲೆ ಗಾಳಿ. ಮಳೆ ಬಂದೇಬಿಟ್ಟಿತೆಂದು ಹೆದರಿಸಿ, ನಾಲ್ಕು ಹನಿಯನ್ನೂ ಉದುರಿಸದೆ ಹೊರಟುಹೋಯಿತು.

ಚಾರ್ಟ್ ಮೇಷ್ಟ್ರು ನೇರವಾಗಿ ನಡೆದದ್ದನ್ನು ನಮ್ಮ ಬಸ್ ಡಿಪೋದಲ್ಲಿ ಯಾರೂ ಕಂಡವರಿಲ್ಲ. ಸಾಲಾಗಿ ನಿಂತ ಬಸ್ಸುಗಳ ಸಂದಿಗಳಲ್ಲಿ ಮೂವತ್ತೆರಡು ವರ್ಷ ನುಸುಳಿ ನುಸುಳಿ, ಎಡಭುಜವನ್ನು ಮುಂದೆ ಮಾಡಿ ಓರೆಯಾಗಿ ಸಾಗುವುದು ಅವರಿಗೆ ಎಷ್ಟು ಮೈಗೂಡಿತ್ತೆಂದರೆ, ಬಟಾಬಯಲಿನಲ್ಲಿಯೂ ಅವರು ಕಣ್ಣಿಗೆ ಕಾಣದ ಎರಡು ಬಸ್ಸುಗಳ ನಡುವೆಯೇ ಹಾದುಹೋಗುತ್ತಿದ್ದರು. ಅವರು ಯಾರಿಗೂ ಪಾಠ ಹೇಳಿದವರಲ್ಲ. ನಾಳೆ ಯಾವ ಬಸ್ಸಿಗೆ ಯಾವ ಡ್ರೈವರು, ಯಾವ ಕಂಡಕ್ಟರು ಎಂಬ ಡ್ಯೂಟಿ ಚಾರ್ಟ್ ಬರೆಯುವುದು ಅವರ ಉದ್ಯೋಗ. ಆ ಅಕ್ಷರದ ದುಂಡಿಗೆ ಸೋತು ಯಾರೋ ಮೇಷ್ಟ್ರೆಂದರು, ಅದೇ ಉಳಿಯಿತು. ಮೊಣಕೈಯಲ್ಲಿ ತೇಪೆ ಬಿದ್ದ ಅವರ ಕಂದು ಕೋಟಿನ ಬಲಜೇಬಿನಲ್ಲಿ ಡಿಪೋದ ಚಾರ್ಟು ಇರುತ್ತಿತ್ತು. ಎಡಜೇಬಿನಲ್ಲಿ ಇನ್ನೊಂದು ಹಾಳೆ. ಅದರಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಬರೆದು ಅಳಿಸಿ, ಅಳಿಸಿ ಬರೆದು, ಅಳೆದೂ ಸುರಿದೂ ಮುಗಿಯದ ಅವರ ಸಾರ್ವಕಾಲಿಕ ಶ್ರೇಷ್ಠ ಏಕದಿನ ಕ್ರಿಕೆಟ್ ತಂಡ.

ಕ್ಯಾಂಟೀನಿನಲ್ಲಿ ಯಾರಾದರೂ ಒಬ್ಬ ಆಟಗಾರನನ್ನು ಆಕಾಶಕ್ಕೇರಿಸಿದರೆ, ಮೇಷ್ಟ್ರು ಚಹಾದ ಲೋಟವನ್ನು ಕೆಳಗಿಟ್ಟು, "ಇರಲಿ. ಆದರೆ ಯಾರ ಜೊತೆ?" ಎನ್ನುವರು. ಎಂಥ ನಿಪುಣ ಡ್ರೈವರನನ್ನಾದರೂ ಅವನಿಗೆ ಎಣ್ಣೆ ಸೀಗೆಕಾಯಿಯ ಸಂಬಂಧವಿರುವ ಕಂಡಕ್ಟರನ ಜೊತೆ ಹಾಕಿದರೆ ಬಸ್ಸು ವೇಳೆಗೆ ಊರು ಮುಟ್ಟುವುದಿಲ್ಲವೆಂಬುದು ಅವರ ಅನುಭವಸಿದ್ಧ ತತ್ತ್ವ. ಐವತ್ತು ಓವರುಗಳನ್ನೂ ಅವರು ಹಾಗೆಯೇ ಹಂಚುತ್ತಿದ್ದರು. ಮೊದಲ ಹತ್ತು ಮುಂಜಾನೆಯ ಖಾಲಿ ರಸ್ತೆ. ನಡುವಿನ ಮೂವತ್ತು, ಸ್ಟಾಪಿಗೊಂದರಂತೆ ರನ್ನು ಹತ್ತಿಸಿಕೊಂಡು ಸಾಗಬೇಕಾದ ಮಧ್ಯಾಹ್ನ. ಕೊನೆಯ ಹತ್ತು ಸಂಜೆಯ ನೂಕುನುಗ್ಗಲು, ಅಲ್ಲಿ ತಲೆ ಬಿಸಿಯಾಗದವನೇ ಬೇಕು.

ಆಟಗಾರರ ನಿಜನಾಮಗಳನ್ನು ಅವರು ಬರೆಯುತ್ತಿರಲಿಲ್ಲ. "ಹೆಸರು ಬರೆದ್ರೆ ಜೊತೇಲಿ ಕೀರ್ತಿನೂ ಬಂದು ಕೂತ್ಕೊಳುತ್ತೆ. ಆಮೇಲೆ ಕೆಲಸ ಕಾಣಲ್ಲ" ಎಂದು, ತಾವೇ ಇಟ್ಟ ಅಡ್ಡಹೆಸರುಗಳನ್ನು ಬಳಸುವರು: ಇನಿಂಗ್ಸ್ ಆರಂಭಿಸುವವನು 'ಬಡಗಿ', ಕೊನೆಯ ಓವರಿನ ಬೌಲರು 'ಬೀಗ', ವಿಕೆಟ್ ಹಿಂದೆ ನಿಲ್ಲುವವನು 'ಅತ್ತೆ'. ಆ ಹಾಳೆಗೆ ಪೆನ್ಸಿಲ್ ಮಾತ್ರ. ಶಾಯಿಯೇನಿದ್ದರೂ ಡಿಪೋದ ಚಾರ್ಟಿಗೆ.

ತಂಡದಲ್ಲಿ ಇಲ್ಲದವನೊಬ್ಬನಿದ್ದ. ಎಲ್ಲರಿಗಿಂತ ಹೆಚ್ಚು ರನ್ನು ಗಳಿಸಿದ್ದ, ಮೇಷ್ಟ್ರ ಯೌವನವನ್ನೆಲ್ಲ ಬೆಳಗಿದ್ದ ಆ ಬ್ಯಾಟುಗಾರನಿಗೆ ಅವರಿಟ್ಟ ಹೆಸರು 'ದೊರೆ'. ಒಂದು ಪಂದ್ಯದಲ್ಲಿ ದೊರೆ ತಾನೇ ಓಟಕ್ಕೆ ಕರೆದು, ಅರ್ಧದಾರಿಯಲ್ಲಿ ಮನಸ್ಸು ಬದಲಿಸಿ ಹಿಂದಿರುಗಿದ. ಜೊತೆಗಾರ ಔಟಾಗಿ ನಡೆದುಹೋಗುವಾಗ ತಿರುಗಿಯೂ ನೋಡದೆ ಕೈಗವಸು ಬಿಗಿಮಾಡಿಕೊಳ್ಳುತ್ತ ನಿಂತ. ಮೇಷ್ಟ್ರು ಅಂದೇ ಅವನನ್ನು ಅಳಿಸಿದರು. "ರನ್ನು ಎಷ್ಟಾದ್ರೂ ಹೊಡೀಲಿ. ಜೊತೆಗಾರನ್ನ ನಡುರಸ್ತೇಲಿ ಇಳಿಸಿ ಹೋಗೋನಿಗೆ ನನ್ನ ಚಾರ್ಟಲ್ಲಿ ಗಾಡಿ ಇಲ್ಲ."

ನಿವೃತ್ತಿಗೆ ಎರಡು ವಾರವಿದ್ದಾಗ ತಂಡ ಕೊನೆಗೂ ಪೂರ್ಣವಾಯಿತು. ಮೂವತ್ತೆರಡು ವರ್ಷಗಳಲ್ಲಿ ತಪ್ಪಿಗೆಂದು ಒಂದೂ ಮೆಮೊ ಪಡೆಯದ ಅವರಿಗೆ ನಿಷ್ಕಳಂಕ ಸೇವೆಯ ಪ್ರಮಾಣಪತ್ರ ಸಿದ್ಧವಾಗುತ್ತಿತ್ತು. ಅದನ್ನು ತೂಗುಹಾಕಲು ಅವರ ಪತ್ನಿ ಗೋಡೆಗೆ ಮೊಳೆಯನ್ನೂ ಹೊಡೆಸಿಯಾಗಿತ್ತು. ಆ ಸಂತೋಷದಲ್ಲಿ ಮೇಷ್ಟ್ರು ತಂಡವನ್ನು ಮೊಟ್ಟಮೊದಲ ಬಾರಿಗೆ ಶಾಯಿಯಲ್ಲಿ ನಕಲು ಮಾಡಿದರು, ಕೈಗೆ ಸಿಕ್ಕ ಚಾರ್ಟಿನ ಫಾರಮ್ಮಿನ ಮೇಲೆಯೇ. ಬಳಿಕ ಅದನ್ನೂ ಮರುದಿನದ ಚಾರ್ಟನ್ನೂ ಮಡಿಸಿ, ಬಲಜೇಬಿನದರ ಬದಲು ಎಡಜೇಬಿನದನ್ನು ಅಟೆಂಡರನ ಕೈಗಿತ್ತು ಮನೆಗೆ ಹೋದರು.

ಅಟೆಂಡರು ಎಂದಿನಂತೆ ಮುಂಜಾನೆ ಐದಕ್ಕೆ ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚಿದ.

"ಐದೂ ನಲವತ್ತರ ಗಾಡಿಗೆ ಬಡಗಿಯಂತೆ! ಯಾರ್ರೀ ಇವನು?" ಎಂದ ಹೊಸ ಡ್ರೈವರು.

"ಕಂಡಕ್ಟರ್ ಜಾಗದಲ್ಲಿ ಅತ್ತೆ ಬರೆದಿದಾರೆ ನೋಡು. ಟಿಕೆಟ್ ತಗೊಳ್ದೆ ಒಬ್ಬನೂ ಹತ್ತಲ್ಲ ಬಿಡು!"

ಹಳಬರಿಗೆ ಕ್ಷಣಾರ್ಧದಲ್ಲಿ ಅರ್ಥವಾಯಿತು. "ಅಯ್ಯೋ, ಮೇಷ್ಟ್ರ ಟೀಮು ಕಣ್ರೋ! ದೊರೆ ಎಲ್ಲಿ? ದೊರೇನೇ ಇಲ್ವಲ್ಲ!"

"ದೊರೆಗೆ ಇವತ್ತು ವಾರದ ರಜೆ."

ಬಡಗಿ ಹೆಚ್ಚೋ ದೊರೆ ಹೆಚ್ಚೋ ಎಂಬ ವಾಗ್ವಾದದಲ್ಲಿ ಐದು ಬಸ್ಸುಗಳು ತಡವಾದವು, ಮೊದಲನೆಯದು ನಲವತ್ತು ನಿಮಿಷ.

ಮ್ಯಾನೇಜರು ಮೇಷ್ಟ್ರಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೆಟ್ಟವರಲ್ಲ. ಅವರು ಮೇಷ್ಟ್ರನ್ನೂ ಅಟೆಂಡರನನ್ನೂ ಕರೆಸಿದಾಗ, ಟಿಕೆಟ್ ವಿಭಾಗದ ಲೆಕ್ಕದ ಪುಸ್ತಕ ಹಿಡಿದು ನಾನೂ ಅವರ ಕೋಣೆಯಲ್ಲಿದ್ದೆ. "ತಪ್ಪು ಯಾರದ್ದಾದ್ರೂ ಆಗಿರಬಹುದು. ಬೋರ್ಡಿಗೆ ಹಾಕೋನು ಓದಿ ಹಾಕಬೇಕಿತ್ತು, ಅಲ್ವಾ?" ಎಂದು ಅವರು ಮೇಷ್ಟ್ರ ಮುಖ ನೋಡದೆ ಅಟೆಂಡರನ ಕಡೆ ತಿರುಗಿದರು.

"ಮೇಷ್ಟ್ರು ಕೊಟ್ಟಿದ್ದನ್ನ ಓದಿ ನೋಡೋ ಅಭ್ಯಾಸ ನನಗಿಲ್ಲ ಸಾರ್" ಎಂದ ಅಟೆಂಡರು, ಮೇಷ್ಟ್ರ ಬಳಿ ಸರಿದು ತಗ್ಗಿದ ದನಿಯಲ್ಲಿ, "ನಂದೇ ತಪ್ಪು ಅಂತ ಬರ್ಕೊಡ್ತೀನಿ ಬಿಡಣ್ಣ. ಮೂರು ಮೆಮೊ ಆಗಲೇ ಇದೆ. ನಾಲ್ಕನೇದು ಭಾರ ಆಗಲ್ಲ" ಎಂದ. ನಾಲ್ಕನೆಯದಕ್ಕೆ ಒಂದು ವರ್ಷದ ವೇತನಬಡ್ತಿ ನಿಲ್ಲುತ್ತದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮೇಷ್ಟ್ರು ಕೋಟಿನ ಗುಂಡಿಯನ್ನು ಬಿಚ್ಚಿದರು, ಮತ್ತೆ ಹಾಕಿಕೊಂಡರು. ಗೋಡೆಯ ಫ್ಯಾನು ಒಮ್ಮೆ ಆ ಕಡೆಯಿಂದ ಈ ಕಡೆಗೆ ತಿರುಗುವಷ್ಟು ಹೊತ್ತು ಅದನ್ನೇ ನೋಡಿದರು, ಪಕ್ಕದ ಅಟೆಂಡರನನ್ನಲ್ಲ. ಬಳಿಕ, "ಕಾಗದ ಕೊಡಿ ಸಾರ್. ಓಟಕ್ಕೆ ಕರೆದವನು ನಾನು. ಅವನು ನನ್ನ ಕರೆ ನಂಬಿ ಓಡಿದ ಅಷ್ಟೆ" ಎಂದರು.

ವಿವರಣೆಯನ್ನು ಅದೇ ದುಂಡಗಿನ ಅಕ್ಷರದಲ್ಲಿ, ಶಾಯಿಯಲ್ಲಿ ಬರೆದುಕೊಟ್ಟರು. ಮೆಮೊ ಅವರ ಸೇವಾಪುಸ್ತಕದ ಕೊನೆಯ ಪುಟ ಸೇರಿತು; ಪ್ರಮಾಣಪತ್ರ ಬರಲಿಲ್ಲ. ಆ ಮೊಳೆಯಲ್ಲಿ ಈಗ ಕೋಟು ತೂಗುತ್ತದೆಯಂತೆ.

ಇಂದು ಮೇಷ್ಟ್ರು ಬಾಕಿ ಕಾಗದಪತ್ರಕ್ಕೆಂದು ಡಿಪೋಗೆ ಬಂದಿದ್ದರು, ಓರೆಯಾಗಿಯೇ. ಕ್ಯಾಂಟೀನಿನಲ್ಲಿ ನಾವು ಮೂವರೂ ಕೂತೆವು. "ಈಗಲಾದ್ರೂ ದೊರೇನ ಸೇರಿಸಣ್ಣ" ಎಂದು ಅಟೆಂಡರು ಕೆಣಕಿದ. 'ಯಾರ ಜೊತೆ?' ಎಂಬ ಎಂದಿನ ಪ್ರಶ್ನೆಗಾಗಿ ನಾನು ಕಾದೆ. ಮೇಷ್ಟ್ರು ಬೋರ್ಡಿನಿಂದ ಬಿಡಿಸಿಕೊಂಡಿದ್ದ ಆ ಹಾಳೆ ತೆಗೆದು, ಹನ್ನೊಂದು ಶಾಯಿಯ ಹೆಸರುಗಳ ಕೆಳಗೆ ಹನ್ನೆರಡನೆಯದಾಗಿ, ಪೆನ್ಸಿಲಿನಲ್ಲಿ, ಮೆಲ್ಲಗೆ 'ದೊರೆ' ಎಂದು ಬರೆದರು.

"ಆವತ್ತು ಆ ಕೋಣೇಲಿ ಒಂದು ಗಳಿಗೆ ನಾನೂ ತಿರುಗಿ ನೋಡಲಿಲ್ಲ ಕಣೋ" ಎಂದರು ಅಟೆಂಡರನಿಗೆ. "ಕುತ್ತಿಗೆ ತಿರುಗೋದೇ ಇಲ್ಲ ಆಗ."

ಎಂದೂ ನಡೆಯದ ಪಂದ್ಯಕ್ಕೆ ತಂಡ ಕಟ್ಟುವವರನ್ನು ಲೋಕ ಕೆಲಸವಿಲ್ಲದವರೆನ್ನುತ್ತದೆ. ಆದರೆ ಇಂಥವರು ಅನ್ಯರನ್ನು ತೂಗುವ ತಕ್ಕಡಿಯನ್ನು ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಇಟ್ಟುಕೊಂಡಿರುತ್ತಾರೆ. ಒಂದು ದಿನ ಅದರಲ್ಲಿ ತಾವೇ ಕೂರಬೇಕಾಗಿ ಬಂದಾಗ ಮುಳ್ಳನ್ನು ಬೆರಳಿನಿಂದ ಒತ್ತುವುದಿಲ್ಲ. ಕೂತು ಎದ್ದ ಮೇಲೆ, ಹಿಂದೆ ತಾವು ಇಳಿಸಿದವನೊಬ್ಬನಿಗೆ ಸ್ವಲ್ಪ ಜಾಗ ಮಾಡಿಕೊಡುತ್ತಾರೆ.

ಇಂದಿನ ಖರ್ಚು: ಮೂರು ಚಹಾ, ನಾನು ಕೊಟ್ಟದ್ದು. ಮೇಷ್ಟ್ರಿಗೊಂದು ಪೆನ್ಸಿಲು. ಬೇರೇನಿಲ್ಲ.