ಮೇಷ್ಟ್ರು ಹಂಚಿದ ವೀಳ್ಯ

ನನ್ನ ಗಂಡ ಏಕಾಂತಪ್ಪ ಮೇಷ್ಟ್ರು ಕುಣಿದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಮ್ಮ ಮದುವೆಯ ಮೆರವಣಿಗೆಯಲ್ಲಿ ಅಣ್ಣತಮ್ಮಂದಿರು ಕೈಹಿಡಿದು ಎಳೆದಾಗಲೂ ಕಂಬದ ಹಾಗೆ ನಿಂತು, “ನನ್ನ ಚಪ್ಪಲಿ ಕಿತ್ತಿದೆ” ಎಂದಿದ್ದರು. ಚಪ್ಪಲಿ ಹೊಸದು, ನಮ್ಮಪ್ಪನೇ ಕೊಡಿಸಿದ್ದು. ಇಂಥ ಮನುಷ್ಯ ರಿಟೈರಾದ ಮೇಲೆ ದೊಡ್ಡಉಳ್ಳಾರ್ತಿಯಲ್ಲಿ ಡ್ಯಾನ್ಸ್ ಕ್ಲಾಸ್ ನಡೆಸುತ್ತೇನೆಂದಾಗ ನನಗೆ ನಗು ತಡೆಯಲಾಗಲಿಲ್ಲ. ಸಿಟ್ಟು ಮಾಡಿಕೊಂಡು ಮಾತು ಬಿಟ್ಟರು.

ಈ ಕ್ಲಾಸಿಗೆ ಕಾರಣ ನಾನೇ. ನನ್ನ ಕಿಡ್ನಿ ಕೈಕೊಟ್ಟಿವೆ. ಡಯಾಲಿಸಿಸ್‌ಗೆ ವಾರವಾರವೂ ಚಳ್ಳಕೆರೆಗೆ ಓಡಾಟ. ಹೋಗುವಾಗ ಹೇಗೋ ಹೋಗುತ್ತಿದ್ದೆ, ಬರುವಾಗ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಜೀವ ಬಾಯಿಗೆ ಬರುತ್ತಿತ್ತು. ನನ್ನಂಥವರು ಸುತ್ತಲ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅರ್ಧ ದುಡ್ಡನ್ನು ಊರಿನವರು ಕೂಡಿಸಿದರೆ ರೋಗಿಗಳಿಗಾಗಿ ವ್ಯಾನ್ ಬಿಡುತ್ತೇವೆ ಎಂದು ಚಳ್ಳಕೆರೆಯ ಒಂದು ಟ್ರಸ್ಟಿನವರು ಹೇಳಿದ್ದರು. ಅಷ್ಟರಲ್ಲಿ ಒಂದು ದಿನ ನಾನು ಬಸ್ಸಿನಲ್ಲೇ ಕುಸಿದು, ಯಾರದೋ ಈರುಳ್ಳಿ ಮೂಟೆಗೆ ಒರಗಿಕೊಂಡು ಊರು ಸೇರಿದೆ. ಅವತ್ತು ಇವರು ಊಟ ಮಾಡಲಿಲ್ಲ. ಮಾರನೆಯ ದಿನವೇ ಈ ಕ್ಲಾಸಿನ ಮಾತು ತೆಗೆದರು. ಇವರ ಹಳೆಯ ಶಿಷ್ಯ ಶಶಿಕಾಂತ್ ಚಳ್ಳಕೆರೆಯಲ್ಲಿ ಡ್ಯಾನ್ಸ್ ಕಲಿಸುತ್ತಾನೆ. ಬಿಟ್ಟಿ ಬಂದು ಕಲಿಸಲು ಅವನು ಒಪ್ಪಿದ. ಬಂದ ಫೀಸೆಲ್ಲ ವ್ಯಾನಿಗೆ.

“ಪಾಂಪ್ಲೆಟ್ ಹಂಚ್ರಿ, ಸಾಕು” ಎಂದೆ.

“ಕಾಗದ ಕೊಟ್ಟು ಕರೆದ್ರೆ ಯಾರೇ ಬರ್ತಾರೆ? ಮರ್ಯಾದೆಯಿಂದ ಕರೀಬೇಕು” ಎಂದು ಚೀಲ ಹೆಗಲಿಗೇರಿಸಿ ಹೊರಟರು. ಆ ಚೀಲದಲ್ಲಿ ವೀಳ್ಯದೆಲೆ, ಅಡಿಕೆ ಇದ್ದದ್ದು ಹಾಸಿಗೆಯಲ್ಲಿದ್ದ ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಕಿತ್ತುಕೊಳ್ಳುತ್ತಿದ್ದೆ.

ಭಾನುವಾರ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನೂ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಕುರಿಹಟ್ಟಿಯ ಬೊಮ್ಮಕ್ಕ ತನ್ನ ಕೋಲಾಟದ ಗುಂಪನ್ನೇ ಗೆಜ್ಜೆ ಕಟ್ಟಿಸಿ ಕರೆತಂದಿದ್ದಳು. ಶಶಿಕಾಂತ್ ಸ್ಪೀಕರ್ ಹಚ್ಚಿ, “ಸೊಂಟ ತಿರುಗಿಸಿ” ಎಂದ.

“ತಿರುಗ್ಸಾಕೆ ಇದೇನು ಬೀಸೋ ಕಲ್ಲೇನಪ್ಪಾ?” ಎಂದು ಬೊಮ್ಮಕ್ಕ ಕೇಳಿದಳು. ಆದರೂ ತಿರುಗಿಸಿದಳು. ಕೊನೆಗೆ ಸುಸ್ತಾಗಿ ಕುಳಿತವನು ಶಶಿಕಾಂತನೇ. ಆಗ ನಮ್ಮ ಮೇಷ್ಟ್ರು ಡಬ್ಬಿ ಹಿಡಿದು ಮುಂದೆ ಬಂದರು.

“ಊಟ ಎಲ್ಲೈತೆ ಮೇಷ್ಟ್ರೇ?” ಎಂದಳು ಬೊಮ್ಮಕ್ಕ.

“ಊಟ ಅಲ್ಲಮ್ಮ, ಫೀಸು.”

“ಅದೇ ಕೊಡ್ರಿ.”

“ನಾನಲ್ಲ, ನೀವು ಕೊಡ್ಬೇಕು.”

ಬೊಮ್ಮಕ್ಕ ಸೊಂಟಕ್ಕೆ ಕೈಯಿಟ್ಟಳು. “ವೀಳ್ಯ ಕೊಟ್ಟೋರು ನೀವು, ಕುಣಿದೋರು ನಾವು. ಫೀಸೂ ನಾವೇ ಕೊಡ್ಬೇಕಾ? ಇದ್ಯಾವ ನ್ಯಾಯ ಮೇಷ್ಟ್ರೇ?”

ನಾನು ಹಣೆ ಚಚ್ಚಿಕೊಂಡೆ. ನಮ್ಮ ಕಡೆ ಕುಣಿಯುವವರ ಕೈಗೆ ಎಲೆಅಡಿಕೆ ಇಟ್ಟು ಕರೆದರೆ, ಅವರನ್ನು ಗೊತ್ತುಮಾಡಿದ ಹಾಗೆ. ಊಟವೂ ಕೊಟ್ಟವನದೇ, ಸಂಭಾವನೆಯೂ ಕೊಟ್ಟವನದೇ. ಮಹಾನುಭಾವರು ಇಡೀ ಊರನ್ನೇ ಕೂಲಿಗೆ ಹಿಡಿದು ಬಂದಿದ್ದರು! ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇನ್ನು ವ್ಯಾನ್ ಬಂದ ಹಾಗೇ, ನನಗೆ ಆ ಈರುಳ್ಳಿ ಮೂಟೆಯೇ ಗತಿ ಎನಿಸಿತು.

ಇವರು ಪಾಠ ಹೇಳುವ ದನಿಯಲ್ಲಿ ವ್ಯಾನಿನ ವಿಷಯವೆಲ್ಲ ಹೇಳಿದರು. “ನಮ್ಮ ಲಕ್ಷ್ಮೀದೇವಿ ಬಸ್ಸಲ್ಲಿ…” ಎಂದವರು ತಲೆ ತಗ್ಗಿಸಿ ನಿಂತುಬಿಟ್ಟರು.

ಬೊಮ್ಮಕ್ಕ ನನ್ನನ್ನು ನೋಡಿದಳು. “ಈ ಮಾತು ಮೊದ್ಲೇ ಹೇಳಬಾರ್ದೇನವ್ವಾ? ಆದ್ರೂ ಕುಣಿದು ದುಡ್ಡು ಕೊಟ್ವಿ ಅಂದ್ರೆ ನಮ್ ಹಟ್ಟೀಲಿ ನಗ್ತಾರೆ. ಕುಣಿಸಿ ಕೊಡ್ತೀವಿ.” ಸೊಂಟದ ಸಂಚಿಯಿಂದ ಎಲೆಅಡಿಕೆ ತೆಗೆದು ಇವರ ಕೈಗಿಟ್ಟಳು. “ತಗಳ್ರಿ ವೀಳ್ಯ. ಈಗ ಕುಣಿಯೋರು ನೀವು, ಕೊಡೋರು ನಾವು.”

ಇವರು ಬೆವೆತುಹೋದರು. ನನ್ನ ಕಡೆ ತಿರುಗಿ, “ನನ್ನ ಚಪ್ಪಲಿ…” ಎಂದರು.

“ಬಿಟ್ಟು ಕುಣೀರಿ” ಎಂದೆ.

ಚಪ್ಪಲಿ ಬಿಟ್ಟರು. ಪಂಚೆ ಎತ್ತಿಕಟ್ಟಿದರು. ದೇವರೇ, ಅದನ್ನು ಕುಣಿತ ಎನ್ನಲಾರೆ. ಕೆಸರಿನಲ್ಲಿ ಹೂತ ಕಾಲನ್ನು ಕಿತ್ತುಕೊಳ್ಳುವವರ ಹಾಗೆ ಒಂದೊಂದೇ ಹೆಜ್ಜೆ ಎತ್ತುತ್ತಿದ್ದರು. ಕೈಗೂ ಕಾಲಿಗೂ ಸಂಬಂಧವೇ ಇರಲಿಲ್ಲ. ಶಶಿಕಾಂತ್ ಗೋಡೆಯ ಕಡೆ ಮುಖ ತಿರುಗಿಸಿದ. ಹೆಂಗಸರು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಡಬ್ಬಿಗೆ ಹಾಕಿದರು. ಟೀ ಅಂಗಡಿಯ ಗಂಡಸರೂ ಓಡಿ ಬಂದರು. ಇವರಿಂದ ಒದೆ ತಿಂದಿದ್ದ ಹಳೆಯ ಶಿಷ್ಯರಂತೂ ಮತ್ತೆ ಮತ್ತೆ ಹಾಕಿದರು. ಡಬ್ಬಿಯ ಮುಚ್ಚಳ ಕೂರದಾಯಿತು.

ಸುದ್ದಿ ಹಬ್ಬಿತು. ನಾಯಕನಹಟ್ಟಿಯಿಂದ, ಗೌರಸಮುದ್ರದಿಂದ, ಅತ್ತ ಮೊಳಕಾಲ್ಮುರಿನಿಂದಲೂ ಮೇಷ್ಟ್ರಿಗೆ ವೀಳ್ಯ ಬಂತು. ವೀಳ್ಯ ಹಿಡಿದ ಮೇಲೆ ಒಲ್ಲೆ ಎನ್ನುವಂತಿಲ್ಲ. ಮಂಡಿಗೆ ಮುಲಾಮು ಹಚ್ಚಿಕೊಂಡು ಎಲ್ಲ ಕಡೆಯೂ ಕುಣಿದು ಬಂದರು. ನನಗೆ ಬಸ್ಸಿನ ಪ್ರಯಾಣ ಬೇಡವೆಂದು ಒಂದಕ್ಕೂ ಕರೆದೊಯ್ಯಲಿಲ್ಲ.

ಕೊನೆಗೂ ವ್ಯಾನ್ ಬಂತು. ಮೊದಲ ದಿನ ಚಳ್ಳಕೆರೆಯಿಂದ ಮರಳುವಾಗ ನಾನು ಕಾಲು ಚಾಚಿ ಮಲಗಿದ್ದೆ. ಇವರು ಪಕ್ಕದಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ ಬೈಯಲೂ ಮಾತು ಬರಲಿಲ್ಲ. ತಲೆದಿಂಬಿನಡಿಯ ಚೀಲದಿಂದ ಎಲೆಅಡಿಕೆ ತೆಗೆದು ಅವರ ಅಂಗೈಯಲ್ಲಿಟ್ಟೆ.

ಗಾಬರಿಯಾದರು. “ಇಲ್ಲೇನೇ? ವ್ಯಾನಲ್ಲಾ?”

“ಇಲ್ಲಿ ಬೇಡ” ಎಂದೆ. “ಮನೆಗೆ ಹೋದ್ಮೇಲೆ. ನನಗೊಬ್ಬಳಿಗೇ.”