ಎರಡು ಹಿಡಿ ಜಾಸ್ತಿ

ನನ್ನ ಎಡ ಮೊಲೆ ಬೆಳೆಯಲೇ ಇಲ್ಲ. ಈ ಮಾತನ್ನು ನಾನು ಬಾಯಿಬಿಟ್ಟು ಹೇಳುವ ಹೊತ್ತಿಗೆ ನನಗೆ ಮೂವತ್ತಾರು ದಾಟಿತ್ತು. ಅಲ್ಲಿಯವರೆಗೆ ತಾಯಿಗೆ, ಗಂಡನಿಗೆ, ಅತ್ತೆಗೆ ಎಲ್ಲರಿಗೂ ಗೊತ್ತಿತ್ತು, ಯಾರೂ ಅದರ ಹೆಸರೆತ್ತುತ್ತಿರಲಿಲ್ಲ. ಬಲಗಡೆ ಎಲ್ಲ ಹೆಂಗಸರಿಗಿರುವಂತೆ, ಎಡಗಡೆ ಬರೀ ಬಯಲು. ಇಬ್ಬರು ಮಕ್ಕಳಿಗೂ ಬಲಗಡೆಯಿಂದಲೇ ಕುಡಿಸಿ ಸಾಕಿದೆ. ಹಾಲಿಗೇನೂ ಕೊರತೆಯಾಗಲಿಲ್ಲ, ನನ್ನ ಸಿಟ್ಟಿಗೂ ಆಗಲಿಲ್ಲ.

ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಮ್ಮದು ಹಾಸಿಗೆ ಅಂಗಡಿ. ನಮ್ಮವರು ಖದೀರ್ ಹತ್ತಿ ತುಂಬುತ್ತಾರೆ, ಸೋಫಾಗಳಿಗೆ ಕುಶನ್ ಹಾಕುತ್ತಾರೆ. ಕವರುಗಳನ್ನೆಲ್ಲ ಹೊಲಿಯುವವಳು ನಾನು. ಅಂಗಡಿಯ ಬೂರುಗದ ಹತ್ತಿಯಲ್ಲೇ ನನಗೊಂದು ಪುಟ್ಟ ದಿಂಬು ಮಾಡಿಕೊಂಡು ಬ್ರಾ ಒಳಗೆ ಇಟ್ಟುಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಬೆವರಿಗೆ ಒದ್ದೆಯಾಗಿ ಮುದ್ದೆ ಕಟ್ಟುತ್ತಿತ್ತು. ಹೋದ ವರ್ಷ ಕೆ.ಆರ್. ನಗರದಲ್ಲಿ ನಮ್ಮ ನಾದಿನಿಯ ಮಗಳ ನಿಕಾಹ್‌ನಲ್ಲಿ ಬಗ್ಗಿ ಬಿರಿಯಾನಿ ಬಡಿಸುವಾಗ ಅದು ಜಾರಿ ಹೊಟ್ಟೆಯ ಹತ್ತಿರ ಬಂದು ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದರು. ನಾನು ಪಾತ್ರೆ ಕೆಳಗಿಟ್ಟೆ, ಅವರೆದುರಿಗೇ ಕೈ ಹಾಕಿ ಆ ದಿಂಬನ್ನು ಹೊರಗೆಳೆದು ಬ್ಯಾಗಿಗೆ ತುರುಕಿದೆ, ಮತ್ತೆ ಬಡಿಸತೊಡಗಿದೆ. ಆಮೇಲೆ ಆ ಸಾಲಿನಲ್ಲಿ ಇನ್ನೊಂದು ಸಲ ಬಿರಿಯಾನಿ ಕೇಳಲು ಯಾರಿಗೂ ಧೈರ್ಯ ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಆಪರೇಷನ್ ಮಾಡಿಸಿಕೊಳ್ಳುತ್ತೇನೆ, ನನ್ನ ಹೊಲಿಗೆಯ ದುಡ್ಡಿನಲ್ಲಿ.

ನಮ್ಮ ಮನೆ ಮಾತು ಉರ್ದು. ಆದರೆ ನಾನು ಓದಿದ್ದು ಪಿರಿಯಾಪಟ್ಟಣದ ಕನ್ನಡ ಶಾಲೆಯಲ್ಲಿ, ಸಿಟ್ಟು ಬಂದರೆ ಬಾಯಿಗೆ ಬರುವುದು ಕನ್ನಡವೇ. ನಮ್ಮವರೂ ಬೆಳಗಿನಿಂದ ಸಂಜೆವರೆಗೆ ಹಳ್ಳಿ ಗಿರಾಕಿಗಳ ಜೊತೆ ಕನ್ನಡದಲ್ಲಿ ಗುದ್ದಾಡುವವರು. ಹಾಗಾಗಿ ನಮ್ಮ ಮನೆಯ ಜಗಳಗಳೆಲ್ಲ ಕನ್ನಡದಲ್ಲೇ ನಡೆಯುತ್ತವೆ. ಬೀದಿಯವರಿಗೆ ಒಂದು ಮಾತೂ ತಪ್ಪಿಹೋಗುವುದಿಲ್ಲ.

ಮೊದಲು ಎದ್ದು ನಿಂತವರು ಅತ್ತೆ ಅಕ್ತರುನ್ನೀಸಾ.

“ಬುರ್ಖಾ ಒಳಗಿರೋದು ಯಾರಿಗ್ ಕಾಣ್ತದೆ ಬೇಟಿ?”

“ನಂಗ್ ಕಾಣ್ತದೆ ಅಮ್ಮಿ. ದಿನಾ ಸ್ನಾನ ಮಾಡೋಳು ನಾನೇ ಅಲ್ವಾ?”

“ಅಲ್ಲಾ ಕೊಟ್ಟಂಗೆ ಇರ್ಬೇಕು.”

“ಪೊರೆ ತೆಗೆಸಿ ಕಣ್ಣಿಗೆ ಲೆನ್ಸ್ ಹಾಕಿಸ್ಕೊಂಡ್ರಲ್ಲ, ಅವಾಗ ಈ ಮಾತು ಎಲ್ಲೋಗಿತ್ತು?”

ಅತ್ತೆ ಮುಖ ಊದಿಸಿಕೊಂಡು ನನ್ನ ಕೈಯ ಚಹಾ ಬಿಟ್ಟರು. ತಲೆನೋವು ತಡೆಯಲಾರದೆ ಮತ್ತೆ ಕುಡಿದರು. ನಮ್ಮವರು ಮಾತ್ರ ಒಂದು ಮಾತೂ ಎದುರಾಡಲಿಲ್ಲ. “ಮಾಡ್ಸಣ ಬುಡು, ನಾನೂ ಬತ್ತೀನಿ” ಎಂದರು. ಅಷ್ಟು ಸುಲಭವಾಗಿ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಮೈಸೂರಿನ ಡಾಕ್ಟರ್ ಲಕ್ಷ್ಮಿದೇವಿ ಮೇಜಿನ ಮೇಲೆ ಎದೆಯೊಳಗೆ ಇಡುವ ಇಂಪ್ಲಾಂಟ್‌ಗಳ ಮಾದರಿಗಳನ್ನು ಸಾಲಾಗಿ ಇಟ್ಟರು. ಕೆಲವು ದುಂಡಗೆ, ಕೆಲವು ಹನಿಯ ಆಕಾರ, ಕೆಲವು ನುಣುಪು, ಕೆಲವು ಒರಟು. ಒಂದೊಂದನ್ನೂ ನನ್ನ ಅಂಗೈಯಲ್ಲಿ ಇಟ್ಟು ಹೇಳಿದರು.

“ಇದು ಉಪ್ಪುನೀರಿಂದು. ಒಡೆದ್ರೆ ಕುಗ್ಗಿಬಿಡುತ್ತೆ, ಬೇಗ ಗೊತ್ತಾಗುತ್ತೆ. ಆದ್ರೆ ನಿಮ್ಮ ಚರ್ಮ ತೆಳ್ಳಗಿದೆ, ಇದರ ಸುಕ್ಕು ಹೊರಗೆ ಕಾಣಬಹುದು. ಇದು ಸಿಲಿಕೋನ್ ಜೆಲ್, ಮುಟ್ಟೋಕೆ ಮೈ ತರಾನೇ ಇರುತ್ತೆ. ಒಡೆದ್ರೂ ಗೊತ್ತಾಗದೇ ಇರಬಹುದು, ಅದಕ್ಕೆ ಆಗಾಗ ಸ್ಕ್ಯಾನ್ ಮಾಡಿಸ್ಬೇಕು. ಯಾವುದೂ ಜೀವನಪೂರ್ತಿ ಬರೋದಲ್ಲ.”

“ಹನಿ ತರದ್ದು ಚೆನ್ನಾಗಿದೆಯಲ್ಲ ಡಾಕ್ಟ್ರೇ?”

“ಚೆನ್ನಾಗೇನೋ ಇದೆ. ಒಳಗೆ ತಿರುಗಿಕೊಂಡ್ರೆ ಆಕಾರ ಕೆಡುತ್ತೆ. ತಿರುಗಬಾರ್ದು ಅಂತ ಮೇಲೆ ಒರಟು ಮಾಡಿರ್ತಾರೆ. ತುಂಬಾ ಒರಟಾಗಿರೋ ಕೆಲವದರಿಂದ ಅಪರೂಪಕ್ಕೆ ಒಂದು ತರದ ಕ್ಯಾನ್ಸರ್ ಬಂದಿರೋದೂ ಉಂಟು. ದುಂಡಗಿಂದು, ನುಣುಪಿಂದು ತಿರುಗಿದ್ರೂ ದುಂಡಗೇ ಇರುತ್ತೆ. ಎಲ್ಲಾ ಹೇಳಿದೀನಿ, ಆರಿಸ್ಕೊಳ್ಳೋರು ನೀವು.”

ನಾನು ಯೋಚಿಸುತ್ತಿರುವಾಗ ನಮ್ಮವರು ಒಂದು ಮಾದರಿಯನ್ನು ಎಳೆದುಕೊಂಡು, ಅಂಗಡಿಯಲ್ಲಿ ಕುಶನ್ ನೋಡುವಂತೆ ಅದರ ಮೇಲೆ ಮೊಣಕೈ ಊರಿ ಒತ್ತಿದರು.

“ಡೆನ್ಸಿಟಿ ಎಷ್ಟು ಮೇಡಂ ಇದ್ರದು? ಕೂತ್ಕತದಾ?”

“ಇಲ್ಲ ಸರ್, ಹತ್ತಿ ತರ ಕೂತು ಚಪ್ಪಟೆ ಆಗಲ್ಲ” ಎಂದು ಡಾಕ್ಟರ್ ನಗದೇ ಅದನ್ನು ಕಿತ್ತುಕೊಂಡರು, ಅವರನ್ನು ಹೊರಗೆ ಕಳಿಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಆಮೇಲೆ ಮೆತ್ತಗಿನ ಬ್ರಾ ಒಂದರ ಎಡಗಡೆ ಅಳತೆ ನೋಡುವ ತುಂಡುಗಳನ್ನು ಒಂದಾದ ಮೇಲೊಂದು ಇಟ್ಟು, ಕುರ್ತಾ ಹಾಕಿಸಿ, ಓಡಾಡಿ ಎಂದರು. ದೊಡ್ಡದು ಇಟ್ಟಾಗ ನನ್ನ ಬಲಗಡೆಯದೇ ಬಡವಾದಂತೆ ಕಂಡಿತು. ಚಿಕ್ಕದು ಇಟ್ಟುಕೊಂಡು ಕನ್ನಡಿಯೆದುರು ನಿಂತೆ. ಸಮನಾಗಿದ್ದೆ. ಅದಕ್ಕಿಂತ ಹೆಚ್ಚಾಗಿ, ನೆಟ್ಟಗೆ ನಿಂತಿದ್ದೆ. ಇಷ್ಟು ವರ್ಷ ಎಡ ಭುಜವನ್ನು ಮುಂದಕ್ಕೆ ಬಗ್ಗಿಸಿ, ಕೈ ಅಡ್ಡ ಇಟ್ಟುಕೊಂಡು ನಡೆದಿದ್ದೆ ಎಂದು ಆಗ ಗೊತ್ತಾಯಿತು. ಅಳು ಬಂತು. ಖುಷಿಗಲ್ಲ, ಆ ವರ್ಷಗಳ ಮೇಲಿನ ಸಿಟ್ಟಿಗೆ.

“ಇದೇ” ಎಂದೆ. “ದುಂಡಗಿಂದು, ನುಣುಪಿಂದು, ಜೆಲ್‌ದು. ಎಡಗಡೆ ಮಾತ್ರ.”

ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಆಸ್ಪತ್ರೆಯಿಂದ ಫೋನ್ ಬಂತು. ನಾನು ಅಂಗಡಿಯ ಒಳಗಡೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ.

“ಮೆಹನಾಜ್ ಅವರಾ? ನಿಮ್ಮ ಯಜಮಾನ್ರು ಫೋನ್ ಮಾಡಿದ್ರು. ಒಂದು ಸೈಜ್ ದೊಡ್ಡದು, ಎರಡೂ ಕಡೆ ಹಾಕ್ಬಿಡಿ ಅಂದ್ರು. ಡಾಕ್ಟ್ರು ನಿಮ್ಮ ಬಾಯಿಂದಲೇ ಕೇಳ್ಬೇಕು ಅಂತಿದಾರೆ ಮೇಡಂ.”

ಮೈಯೆಲ್ಲ ಉರಿದುಹೋಯಿತು. ಒಂದು ನಿಮಿಷ ಇರಿ ಎಂದು ಫೋನ್ ಹಿಡಿದುಕೊಂಡೇ ಹೊರಗೆ ಬಂದೆ. ಕಟ್ಟೆಮಳಲವಾಡಿಯ ಗಿರಾಕಿ ಷಣ್ಮುಖಪ್ಪ ತಮ್ಮ ಮಗಳ ಮದುವೆಗೆಂದು ಮಾಡಲು ಹೇಳಿದ್ದ ಹಾಸಿಗೆಗೆ ನಮ್ಮವರು ಹತ್ತಿ ತುಂಬುತ್ತಿದ್ದರು. ಷಣ್ಮುಖಪ್ಪ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದರು.

“ಆಸ್ಪತ್ರೆಗೆ ಏನ್ರೀ ಹೇಳಿದ್ರಿ?”

ಖದೀರ್ ತಲೆ ಎತ್ತಲಿಲ್ಲ. “ಒಳಗೆ ಮಾತಾಡಣ ನಡಿ.”

“ಇಲ್ಲೇ ಮಾತಾಡಿ.”

“ಅದೇ ಕಣೆ, ಎರಡು ಹಿಡಿ ಜಾಸ್ತಿ ಇರ್ಲಿ ಅಂದೆ. ಡಾಕ್ಟ್ರು ಏನಾದ್ರೂ ಅನ್ಲಿ, ತುಂಬಿದ್ದು ಯಾವ್ದೇ ಆಗ್ಲಿ ಕೂತ್ಕತದೆ. ನಾಳೆ ಚಪ್ಪಟೆ ಆದ್ರೆ ಮತ್ತೆ ಕುಯ್ಸಕಾಯ್ತದಾ? ಹೆಂಗೂ ಕುಯ್ತಾರೆ, ಎರಡೂ ಕಡೆ ಆಗೋದ್ರೆ ಜೋಡಿ ಆಯ್ತದೆ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಅಂಗಡಿಯ ಹೆಸರು ನಿಂತಿರುವುದೇ ಆ ಎರಡು ಹಿಡಿಯ ಮೇಲೆ. ಅಳತೆಗೆ ಸರಿಯಾಗಿ ಹತ್ತಿ ತುಂಬಿದರೆ ವರ್ಷದೊಳಗೆ ಹಾಸಿಗೆ ಕುಸಿದು ಗಿರಾಕಿ ಬೈಯುತ್ತಾರೆ. ಹಾಗಾಗಿ ಕೇಳದೆಯೇ ಹೆಚ್ಚು ಹಾಕುವುದು ಅವರ ಪಾಲಿಗೆ ಪ್ರಾಮಾಣಿಕತೆ. ಎಡಗಡೆಯ ಲೆಕ್ಕ ನನಗೆ ಅರ್ಥವಾಯಿತು. ಬಲಗಡೆಯ ಲೆಕ್ಕ ಅರ್ಥವಾಗಲಿಲ್ಲ.

“ಹತ್ತಿ ಮಾತು ಬುಡಿ. ಬಲಗಡೇದು ಏನ್ ಮಾಡಿತ್ತು ನಿಮಗೆ? ಎರಡು ಮಕ್ಕಳನ್ನ ಸಾಕಿದ್ದು ಅದು. ಅದ್ರಲ್ಲೇನ್ ಕಮ್ಮಿ ಕಂಡ್ರಿ?”

ಅವರು ಹತ್ತಿಯನ್ನು ಹಿಂಜುತ್ತ ಕೂತರು. ಆಮೇಲೆ ಮೆಲ್ಲಗೆ ಹೇಳಿದರು, “ನಂಗೂ ಒಂದ್ ಆಸೆ ಇರಬಾರ್ದಾ?”

ನೇರವಾಗಿ ಹೇಳಿದರಲ್ಲ ಎಂದು ಸ್ವಲ್ಪ ಮರುಕ ಹುಟ್ಟಿತು. ಸ್ವಲ್ಪವೇ.

“ಇರ್ಲಿ. ಆಸೆ ನಿಮ್ಮತ್ರ ಇಟ್ಕಳಿ, ನನ್ನ ಮೈ ಕುಯ್ಸಿ ಅದನ್ನ ಒಳಗೆ ತುಂಬಬೇಡಿ.”

“ಅಂಗಾದ್ರೆ ನಾನ್ ಬರಲ್ಲ. ಸೈನೂ ಹಾಕಲ್ಲ.”

ಷಣ್ಮುಖಪ್ಪ ಎದ್ದು ಟವೆಲ್ ಕೊಡವಿದರು. “ಆಸ್ಗೆ ಅಂಗೇ ಇರ್ಲಿ ಕಣ್ ಖದೀರಣ್ಣ, ನಾನ್ ಗೊಬ್ರದಂಗ್ಡಿಗೋಗ್ಬುಟ್ ಬತ್ತೀನಿ” ಎಂದು ನನ್ನ ಕಡೆ ನೋಡದೆ ಮೆಟ್ಟಿಲಿಳಿದರು. ನಾನು ಫೋನನ್ನು ಕಿವಿಗೆ ಹಿಡಿದೆ. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

“ಎಡಗಡೆ ಒಂದೇ. ನಾನು ಹಾಕ್ಕೊಂಡು ನೋಡಿದ್ನಲ್ಲ, ಅದೇ ಸೈಜು. ನಂದೊಂದೇ ಸೈನ್ ಸಾಕಾ?”

“ಸಾಕು ಮೇಡಂ. ಜೊತೆಗೆ ಯಾರಾದ್ರೂ ಒಬ್ಬರು ಇರ್ಬೇಕಷ್ಟೆ.”

ಯಾರನ್ನು ಕರೆದುಕೊಂಡು ಹೋಗುವುದು ಎಂದು ಯೋಚಿಸುತ್ತಲೇ ಮರುದಿನ ಚೀಲ ಕಟ್ಟಿದೆ. ತಾಯಿಗೆ ಮಂಡಿನೋವು. ನಾದಿನಿಯರಿಗೆ ಹೇಳುವ ಬದಲು ಒಬ್ಬಳೇ ಹೋಗುವುದು ಮೇಲು. ಬಾಗಿಲಿಗೆ ಬಂದರೆ ಅತ್ತೆ ಆಗಲೇ ಬುರ್ಖಾ ಹಾಕಿಕೊಂಡು ನಿಂತಿದ್ದರು.

“ನಂಗಿದು ಇಷ್ಟ ಇಲ್ಲ” ಎಂದರು. “ಇವ್ನು ಕದ್ದು ಫೋನ್ ಮಾಡಿದ್ದು ಅದಕ್ಕಿಂತ ಇಷ್ಟ ಇಲ್ಲ. ನಡಿ.”

ಬಿಳಿಕೆರೆ ಬರುವವರೆಗೆ ಅತ್ತೆ ನನ್ನನ್ನು ಬೈದರು. ಇಲವಾಲದವರೆಗೆ ಮಗನನ್ನು ಬೈದರು. ಆಮೇಲೆ ನನ್ನ ಎಡ ಭುಜಕ್ಕೆ ಒರಗಿ ನಿದ್ದೆ ಹೋದರು. ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನನ್ನು ನಿಲ್ಲಿಸಿ ಪೆನ್ನಿನಿಂದ ಎದೆಯ ಮೇಲೆ ಗುರುತು ಹಾಕುತ್ತ, “ಯಾವ ಕಡೆ, ಇನ್ನೊಂದು ಸಲ ಹೇಳಿ” ಎಂದರು. ನಾನು ಬಾಯಿ ತೆರೆಯುವ ಮೊದಲೇ ಪರದೆಯ ಆಚೆಯಿಂದ ಅತ್ತೆಯ ದನಿ ಬಂತು.

“ಎಡ ಮಾತ್ರ!”

ಮನೆಗೆ ಬಂದ ಮೇಲೆ ಊತ ಇಳಿಯಲು ವಾರಗಳು ಹಿಡಿದವು. ನೋವೂ ಇತ್ತು, ಇಲ್ಲವೆನ್ನುವುದಿಲ್ಲ. ನಮ್ಮವರು ಮಕ್ಕಳಿಗೆ ತಿಂಡಿ ಮಾಡಿದರು, ಅಂಗಡಿ ನೋಡಿಕೊಂಡರು, ನನ್ನ ಜೊತೆ ಮಾತ್ರ ಬೇಕಾದಷ್ಟೇ ಮಾತಾಡಿದರು. ನಾನೂ ಸೋಲಲಿಲ್ಲ.

ಇನ್ನು ದಿನದ ಕೆಲಸವೆಲ್ಲ ಮಾಡಬಹುದು ಎಂದು ಡಾಕ್ಟರ್ ಹೇಳಿದ ಮಧ್ಯಾಹ್ನ ಕೋಣೆಯ ಕನ್ನಡಿಯೆದುರು ಕುರ್ತಾದ ಗುಂಡಿ ಬಿಚ್ಚಿ ನಿಂತೆ. ಆಪರೇಷನ್ನಿನ ಹೊಲಿಗೆಯ ಗೆರೆ ಇನ್ನೂ ಕೆಂಪಗಿತ್ತು. ಎಡ ಬಲ ಎರಕ ಹೊಯ್ದಂತೆ ಒಂದೇ ಏನಲ್ಲ. ಆದರೂ ಎರಡೂ ನನ್ನವೇ, ನಾನು ಒಪ್ಪಿಕೊಂಡವೇ. ನೋಡಿಕೊಂಡು ನನಗೆ ನಗು ಬಂತು. ಯಾವಾಗ ಬಂದರೋ, ಖದೀರ್ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ಕೈ ಚಾಚಿದವರು ನಡುವೆಯೇ ನಿಲ್ಲಿಸಿದರು.

“ಮುಟ್ಲಾ?” ಎಂದರು.

ಮದುವೆಯಾಗಿ ಹದಿನೈದು ವರ್ಷ. ಅವರು ಈ ಮಾತನ್ನು ನನ್ನನ್ನು ಕೇಳಿದ್ದು ಅದೇ ಮೊದಲು. ನಿಜವಾಗಿ ಕೇಳುತ್ತಿದ್ದಾರೆಯೇ ಎಂದು ಕನ್ನಡಿಯಲ್ಲೇ ಅವರ ಮುಖ ನೋಡಿದೆ. ಕೇಳುತ್ತಿದ್ದರು, ಉತ್ತರ ಏನು ಬರುತ್ತದೋ ಎಂಬ ಹೆದರಿಕೆಯೂ ಇತ್ತು. ಆ ಹೆದರಿಕೆ ನನಗೆ ಎಷ್ಟು ಹಿತವಾಯಿತೆಂದರೆ, ಸ್ವಲ್ಪ ಹೊತ್ತು ಅವರನ್ನು ಹಾಗೇ ನಿಲ್ಲಿಸಿದೆ.

“ಇವತ್ತು ಬೇಡ” ಎಂದೆ.

ಅವರು ತಲೆಯಾಡಿಸಿ ಕೈ ಹಿಂದಕ್ಕೆ ತೆಗೆದುಕೊಂಡರು.